ಅಚ್ಚಾಗದ ಕ್ಷಮಾಪಣೆ

ಆ ಲೇಖನ ಅಚ್ಚಾಗುವ ಮೊದಲು ನನ್ನ ಮೇಜಿಗೆ ಬಂದಿರಲಿಲ್ಲ. ಕೋಲ್ಕತ್ತದ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಆಗ ನಾನು ಕಾನೂನು ಅಧಿಕಾರಿಯಾಗಿದ್ದೆ. ಕೋರ್ಟಿನ ಸುದ್ದಿಗಳು ಪುಟಕ್ಕೆ ಹೋಗುವ ಮುನ್ನ ನನಗೆ ತೋರಿಸಬೇಕೆಂಬ ನಿಯಮವೇನೋ ಇತ್ತು. ಆದರೆ ಇದು ಭಾನುವಾರದ ಪುರವಣಿಯ ಬರಹ. ಪುರವಣಿಯವರಿಗೆ ಅದು ಕೋರ್ಟಿನ ಸುದ್ದಿ ಅಂತ ಅನಿಸಿರಲೇ ಇಲ್ಲ.

ಊರಿನ ಪೂರ್ವಕ್ಕೆ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ಗಂಡ ಒಂದು ಪಾಳಿ, ಹೆಂಡತಿ ಇನ್ನೊಂದು ಪಾಳಿ ಅಂತ ದುಡಿಯುವ ಸಾಫ್ಟ್‌ವೇರ್ ದಂಪತಿಗಳ ಸಂಸಾರ ಹೇಗೆ ಒಡೆಯುತ್ತಿದೆ ಎಂಬುದರ ಬಗ್ಗೆ ಹೊರಗಿನ ಒಬ್ಬ ಬರಹಗಾರ ಬರೆದುಕೊಟ್ಟ ಲೇಖನ. ಅದರಲ್ಲಿ ಉದಾಹರಣೆಯಾಗಿ ಬಂದ ಒಂದು ಸಂಸಾರದ ಮೊಕದ್ದಮೆ ಹೈಕೋರ್ಟಿನಲ್ಲಿ ನಡೆದಿತ್ತು. ಮಗಳು ಯಾರ ಬಳಿ ಇರಬೇಕೆಂಬ ವ್ಯಾಜ್ಯ. ನ್ಯಾಯಮೂರ್ತಿಗಳು ಅದನ್ನು ಬಾಗಿಲು ಮುಚ್ಚಿ ಕೇಳುತ್ತಿದ್ದರು. ಮಗುವಿನ ಗುರುತು ಸಿಗುವಂಥ ಯಾವ ವಿವರವನ್ನೂ ಯಾರೂ ಪ್ರಕಟಿಸಕೂಡದೆಂದು ಆದೇಶವನ್ನೂ ಕೊಟ್ಟಿದ್ದರು. ಲೇಖನದಲ್ಲಿ ಹೆಸರುಗಳಿರಲಿಲ್ಲ. ಆದರೆ ಅಪ್ಪನ ಕಂಪನಿ ಯಾವ ಬಗೆಯದು, ಮನೆ ಯಾವ ಕಡೆ, ಶಾಲೆಯ ಸಮವಸ್ತ್ರದ ಬಣ್ಣ ಯಾವುದು, ಆ ವರ್ಷ ನೃತ್ಯದಲ್ಲಿ ಬಹುಮಾನ ಬಂದದ್ದು, ಎಲ್ಲವೂ ಇತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ನ್ಯಾಯಮೂರ್ತಿಗಳು ಆ ಒಂಬತ್ತು ವರ್ಷದ ಹುಡುಗಿಯನ್ನು ತಮ್ಮ ಕೋಣೆಯಲ್ಲಿ ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿಸಿದಾಗ ಅವಳು ಅಪ್ಪನ ವಿಷಯದಲ್ಲಿ ಹೇಳಿದ ಎರಡು ವಾಕ್ಯಗಳು ಅಚ್ಚಾಗಿದ್ದವು. ಅವು ಹೇಗೆ ಹೊರಬಂದವೆಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

ಸೋಮವಾರ ಬೆಳಿಗ್ಗೆ ನ್ಯಾಯಮೂರ್ತಿಗಳು ಪುರವಣಿಯನ್ನು ಕೈಯಲ್ಲಿ ಹಿಡಿದೇ ಪೀಠಕ್ಕೆ ಬಂದರಂತೆ. ಯಾರೂ ಅರ್ಜಿ ಹಾಕಬೇಕಾಗಲಿಲ್ಲ. ಅವರೇ ವಿಷಯವನ್ನು ಕ್ರಿಮಿನಲ್ ನ್ಯಾಯಾಂಗ ನಿಂದನೆ ಕೇಳುವ ಇಬ್ಬರು ನ್ಯಾಯಮೂರ್ತಿಗಳ ಪೀಠಕ್ಕೆ ಕಳಿಸಿದರು. ವಾರ ಕಳೆಯುವುದರೊಳಗೆ ‘ನಿಮಗೆ ಯಾಕೆ ಶಿಕ್ಷೆ ಕೊಡಬಾರದು, ತಿಳಿಸಿ’ ಎಂಬ ನೋಟಿಸು ಬಂತು. ಸಂಪಾದಕರು ಖುದ್ದಾಗಿ ಹಾಜರಾಗಬೇಕೆಂದೂ ಅದರಲ್ಲಿತ್ತು.

ನೋಟಿಸನ್ನು ಅವರ ಕೋಣೆಗೆ ನಾನೇ ತೆಗೆದುಕೊಂಡು ಹೋದೆ. ನಮ್ಮ ಸಂಪಾದಕರು ಬಂಗಾಳದವರು, ಮಿತಭಾಷಿ, ನಿವೃತ್ತಿಗೆ ಹತ್ತಿರವಾದವರು. ನಿಂತುಕೊಂಡೇ ಓದಿದರು.

“ನಾನು ಈ ಲೇಖನ ಓದಿರಲಿಲ್ಲ,” ಎಂದರು.

“ಕಾನೂನಿಗೆ ಅದು ನೆಪ ಆಗೋದಿಲ್ಲ ಸರ್. ಪತ್ರಿಕೆಯಲ್ಲಿ ಬಂದದ್ದಕ್ಕೆಲ್ಲ ಸಂಪಾದಕರೇ ಹೊಣೆ.”

“ಗೊತ್ತು. ನೆಪ ಹೇಳಲಿಲ್ಲ ನಾನು. ಓದಿರಲಿಲ್ಲ ಅಂತ ಹೇಳಿದೆ, ಅಷ್ಟೆ.”

ನಮ್ಮ ಹಿರಿಯ ವಕೀಲರ ಚೇಂಬರ್ ಹೈಕೋರ್ಟಿನ ಎದುರಿನ ಓಲ್ಡ್ ಪೋಸ್ಟ್ ಆಫೀಸ್ ಸ್ಟ್ರೀಟ್‌ನಲ್ಲಿತ್ತು. ಮರದ ಮೆಟ್ಟಿಲು, ಚಾವಣಿಯವರೆಗೂ ಕಾನೂನು ವರದಿಗಳು. ಮುಂದಿನ ದಿನಗಳಲ್ಲಿ ಸಂಜೆಯಾದರೆ ನಾನು ಅಲ್ಲಿಯೇ. ದುರ್ಗಾಪೂಜೆಯ ರಜೆಗೆ ಕೋರ್ಟು ಮುಚ್ಚುವ ಮೊದಲೇ ಪೀಠ ಇದನ್ನು ಮುಗಿಸಲು ನಿರ್ಧರಿಸಿದಂತಿತ್ತು, ಹಾಗಾಗಿ ನಮಗೆ ಬಿಡುವಿರಲಿಲ್ಲ. ವಕೀಲರು ಮೊದಲ ದಿನವೇ ಲೆಕ್ಕಾಚಾರ ಹೇಳಿಬಿಟ್ಟರು. ಆದೇಶ ಇತ್ತು, ಅದನ್ನು ಮೀರಿದ್ದೇವೆ, ವಾದಿಸಲು ಏನೂ ಇಲ್ಲ. ನ್ಯಾಯಾಂಗ ನಿಂದನೆ ಕಾಯ್ದೆಯ ಹನ್ನೆರಡನೆಯ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸಾದಾ ಸೆರೆವಾಸ, ಇಲ್ಲವೇ ಎರಡು ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ನ್ಯಾಯಾಲಯಕ್ಕೆ ಒಪ್ಪುವಂಥ ಕ್ಷಮಾಪಣೆ ಕೊಟ್ಟರೆ ಶಿಕ್ಷೆ ಬಿಡಬಹುದು.

“ದಂಡಕ್ಕೆ ಯಾರೂ ಹೆದರೋದಿಲ್ಲ,” ಎಂದರು ವಕೀಲರು. “ಈ ಪೀಠ ಸಂಪಾದಕರನ್ನು ಒಳಗೆ ಕಳಿಸೋ ಮನಸ್ಸಲ್ಲಿದೆ. ಅದನ್ನು ತಪ್ಪಿಸೋಕೆ ಒಂದೇ ದಾರಿ. ಷರತ್ತಿಲ್ಲದ ಕ್ಷಮಾಪಣೆ, ಮೊದಲ ಪುಟದಲ್ಲಿ, ಚೌಕಟ್ಟಿನೊಳಗೆ.”

ಕರಡು ಬರೆಯುವ ಕೆಲಸ ನನ್ನದು. ‘ನ್ಯಾಯಾಲಯಕ್ಕೆ ನೋವಾಗಿದ್ದರೆ’ ಅಂತ ಬರೆದರೆ ವಕೀಲರು ‘ಆಗಿದ್ದರೆ’ಯನ್ನು ಹೊಡೆದುಹಾಕುತ್ತಿದ್ದರು. ‘ಕಣ್ತಪ್ಪಿನಿಂದ’ ಅಂದರೆ ಅದೂ ನೆಪದ ಹಾಗೆ ಕೇಳಿಸುತ್ತದೆ ಎಂದು ತೆಗೆದರು. ಯಾವ ದಿನ, ಯಾವ ಪುಟ, ಯಾವ ತಲೆಬರಹ ಎಂಬುದು ಸ್ಪಷ್ಟವಾಗಿ ಇರಲೇಬೇಕು, ಇಲ್ಲದಿದ್ದರೆ ಓದುಗನಿಗೆ ಯಾವುದರ ಬಗ್ಗೆ ಕ್ಷಮೆ ಎಂದು ತಿಳಿಯುವುದು ಹೇಗೆ? ಕೊನೆಗೆ ಉಳಿದದ್ದು ಬಿಗಿಯಾದ ಆರು ವಾಕ್ಯಗಳು. ನನಗೆ ಅದು ಒಳ್ಳೆಯ ಕರಡು ಎನ್ನಿಸಿತ್ತು.

ಅದೇ ಹೊತ್ತಿಗೆ ಲೇಖನವನ್ನು ನಮ್ಮ ವೆಬ್‌ಸೈಟಿನಿಂದ ತೆಗೆಸುವ ಕೆಲಸವೂ ನನ್ನ ಪಾಲಿಗೆ ಬಂತು. ವೆಬ್ ವಿಭಾಗ ಸೆಕ್ಟರ್ ಫೈವ್‌ನಲ್ಲಿತ್ತು. ಅಲ್ಲಿನ ಮುಖ್ಯಸ್ಥೆ ನನ್ನೆದುರೇ ಅದನ್ನು ಅಳಿಸಿದರು. ಆಮೇಲೆ ಹುಡುಕುವ ಪುಟ ತೆರೆದು ಸಮವಸ್ತ್ರದ ಬಣ್ಣವನ್ನೂ ‘ನೃತ್ಯ’ ಎಂಬ ಪದವನ್ನೂ ಟೈಪು ಮಾಡಿದರು. ಮೊದಲ ಸಾಲಿನಲ್ಲೇ ನಮ್ಮ ಲೇಖನದ ತಲೆಬರಹ ಬಂತು.

“ನಮ್ಮಲ್ಲಿ ಇಲ್ಲ. ಆದರೆ ಈ ಹುಡುಕುವ ಕಂಪನಿಯವರು ಇಟ್ಟುಕೊಂಡ ನಕಲು ಇದೆ,” ಎಂದರು. “ತೆಗೀರಿ ಅಂತ ಬರೆದಿದ್ದೇನೆ. ಯಾವಾಗ ತೆಗೀತಾರೋ ಗೊತ್ತಿಲ್ಲ. ಜನ ಆ ತಲೆಬರಹ ಹುಡುಕೋದು ನಿಲ್ಲಿಸಿದರೆ ತಾನಾಗಿ ಕೆಳಗೆ ಹೋಗುತ್ತೆ.”

ನಾನಿದ್ದದ್ದು ಲೇಕ್ ಮಾರ್ಕೆಟ್ ಹಿಂದಿನ ಓಣಿಯಲ್ಲಿ, ಒಂದು ಕೋಣೆ ಬಾಡಿಗೆಗೆ ಹಿಡಿದು. ಹೆಂಡತಿ ಧಾರವಾಡದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ನೌಕರಿ ಬಿಟ್ಟು ಬರುವ ಹಾಗಿರಲಿಲ್ಲ. ಊಟ ಕುಂದಾಪುರದವರೊಬ್ಬರ ಹೋಟೆಲಿನಲ್ಲಿ. ಆ ವಾರ ಒಂದು ದಿನ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದದ್ದನ್ನು ಹೋಟೆಲಿನವರು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ನೋಡಿದರು.

“ಹ್ವಾಯ್ ವಕೀಲ್ರೆ, ಎಂತ ಆಯ್ತ್? ಸಾರಿಗೆ ಉಪ್ಪು ಜಾಸ್ತಿಯಾ?”

“ಇಲ್ರೀ, ಸಾರು ಛಲೋ ಐತಿ. ಹಸಿವಿಲ್ಲ.”

“ಕೋರ್ಟಿಂದ್ ತಲೆಬಿಸಿಯಾ?”

ಹೌದೆಂದೆ. ಎಂಥ ತಲೆಬಿಸಿ ಎಂದು ಅವರು ಕೇಳುವ ಮೊದಲೇ ಊಟದ ಚೀಟಿ ಕೊಟ್ಟು ಹೊರಬಿದ್ದೆ. ಕೇಳಿದ್ದರೂ ಹೇಳುವ ಹಾಗಿರಲಿಲ್ಲ. ಪತ್ರಿಕೆಯನ್ನು ಕಟ್ಟಿಹಾಕಿದ ಆದೇಶ ನನ್ನನ್ನೂ ಕಟ್ಟಿಹಾಕಿತ್ತು. ಆ ಪ್ರಕರಣದ ಒಂದು ವಿವರವನ್ನೂ ನಾನು ಯಾರ ಹತ್ತಿರವೂ ಆಡಕೂಡದು. ಆಫೀಸಿನಲ್ಲಿ ಗೊತ್ತಿದ್ದವರು ನನ್ನನ್ನು ಕಂಡರೆ ಮಾತು ಬದಲಿಸುತ್ತಿದ್ದರು. ಭಾನುವಾರ ಫೋನಿನ ಅಂಗಡಿಯಿಂದ ಮನೆಗೆ ಕರೆ ಮಾಡಿದಾಗ ಹೆಂಡತಿ ಕೇಳಿದಳು.

“ಯಾಕ್ರೀ, ದನಿ ಹಿಂಗ್ಯಾಕ ಆಗೇತಿ?”

“ಕೆಲಸ ಭಾಳ. ಒಂದು ಕೇಸ್ ಐತಿ.”

“ಎಂಥಾ ಕೇಸ್ರೀ?”

“ಹೇಳಾಕ ಬರೂದಿಲ್ಲ.”

“ನನಗೂನೂ?”

“ಯಾರಿಗೂ.”

“ಹಂಗಾರ ಊಟಾನರ ಬರೋಬ್ಬರಿ ಮಾಡ್ರಿ,” ಎಂದಳು. ಅಂಗಡಿಯಿಂದ ಹೊರಗೆ ಬಂದು ಮಾರುಕಟ್ಟೆಯ ಎದುರು ಬಹಳ ಹೊತ್ತು ನಿಂತಿದ್ದೆ. ಬೀದಿಗೆ ಅಡ್ಡವಾಗಿ ಪೂಜೆಯ ಪೆಂಡಾಲಿಗೆ ಬಿದಿರು ಕಟ್ಟುತ್ತಿದ್ದರು. ಹೊಸ ಬಟ್ಟೆಯ ಚೀಲ ಹಿಡಿದ ಸಂಸಾರಗಳು ನನ್ನನ್ನು ಬಳಸಿಕೊಂಡು ಹೋಗುತ್ತಿದ್ದವು.

ವಿಚಾರಣೆಗೆ ಎರಡು ದಿನ ಇದ್ದಾಗ ಹುಡುಗಿಯ ತಾಯಿ ಆಫೀಸಿಗೆ ಬಂದರು.

ಯಾರೂ ಅವರನ್ನು ಭೇಟಿಯಾಗಬಾರದೆಂದು ಜನರಲ್ ಮ್ಯಾನೇಜರ್ ಹೇಳಿದ್ದರು. ಪ್ರಕರಣ ಕೋರ್ಟಿನಲ್ಲಿದೆ, ಮಾತಾಡಲಾಗುವುದಿಲ್ಲ ಎಂದು ತಿಳಿಸಿ ಕಳಿಸುವ ಕೆಲಸಕ್ಕೆ ನನ್ನನ್ನು ಕೆಳಗೆ ಅಟ್ಟಿದರು. ರಿಸೆಪ್ಷನ್ನಿನ ಸೋಫಾದ ತುದಿಯಲ್ಲಿ ಒಬ್ಬ ಹೆಂಗಸು ಕೂತಿದ್ದರು. ಕುತ್ತಿಗೆಯಲ್ಲಿ ಕಂಪನಿಯ ಗುರುತಿನ ಚೀಟಿ. ಕೆಲಸದ ನಡುವೆ ಎದ್ದು ಬಂದಿದ್ದರೆಂದು ಕಾಣುತ್ತದೆ.

ಹೇಳಬೇಕಾದ್ದನ್ನು ಹಿಂದಿಯಲ್ಲಿ ಹೇಳಿದೆ. ಅವರು ತಲೆಯಾಡಿಸಿದರು.

“ಜಗಳಕ್ಕೆ ಬಂದಿಲ್ಲ ನಾನು. ಇಂಟರ್ನೆಟ್ಟಿನಲ್ಲಿ ಇನ್ನೂ ಇದೆಯಲ್ಲ, ಅದನ್ನು ತೆಗೆಸೋದು ಯಾರ ಕೈಯಲ್ಲಿದೆ, ಅಷ್ಟು ಹೇಳಿ.”

ತೆಗೆಸಲು ಬರೆದಿದ್ದೇವೆ, ಕಾಯಬೇಕು ಎಂದೆ. ಅವರು ಎದ್ದು ಹೋಗಲಿಲ್ಲ.

“ಶಾಲೆಯಲ್ಲಿ ಒಬ್ಬಳು ಅದನ್ನು ಗಟ್ಟಿಯಾಗಿ ಓದಿದಳಂತೆ. ನನ್ನ ಮಗಳು ಈಗ ಯಾರ ಹತ್ತಿರವೂ ಬಾಯಿ ಬಿಡೋದಿಲ್ಲ. ಜಡ್ಜ್ ಅಂಕಲ್ ಅವಳಿಗೆ, ನೀನು ಹೇಳಿದ್ದು ಈ ಕೋಣೆ ದಾಟೋದಿಲ್ಲ ಅಂದಿದ್ದರು. ಅವರೇ ಪೇಪರಿನವರಿಗೆ ಹೇಳಿದ್ದಾರೆ ಅಂತ ಅವಳ ತಲೆಯಲ್ಲಿ ಕೂತುಬಿಟ್ಟಿದೆ. ಮುಂದಿನ ಸಲ ಕರೆದರೆ ಹೋಗಲ್ಲ ಅಂತಾಳೆ.”

ನನಗೆ ಏನಾದರೂ ಸಮಾಧಾನದ ಮಾತು ಹೇಳಬೇಕೆನ್ನಿಸಿತು. ಪತ್ರಿಕೆ ಮೊದಲ ಪುಟದಲ್ಲೇ ಕ್ಷಮೆ ಕೇಳಲಿದೆ, ಯಾವ ನೆಪವನ್ನೂ ಹೇಳದೆ, ಎಂದೆ.

“ಮೊದಲ ಪುಟದಲ್ಲಾ?”

“ಹೌದು.”

“ಲೇಖನದ ಹೆಸರು ಹಾಕಿ?”

“ಹಾಕಲೇಬೇಕಾಗುತ್ತದೆ.”

“ಪುರವಣಿ ಎಲ್ಲರೂ ಓದಿರಲಿಲ್ಲ,” ಎಂದರು. ದನಿ ಏರಿರಲಿಲ್ಲ. “ನಮ್ಮ ಪಾಡಾದಲ್ಲಿ, ನಮ್ಮ ಬೀದಿಯಲ್ಲೇ, ಅರ್ಧ ಜನಕ್ಕೆ ಗೊತ್ತೇ ಇಲ್ಲ. ನಾಳೆ ಮೊದಲ ಪುಟದಲ್ಲಿ ನೋಡಿದವರು ಅದೇನು ಅಂತ ಹುಡುಕಿ ಓದುತ್ತಾರೆ. ನೀವು ಕ್ಷಮೆ ಕೇಳೋದು ಕೋರ್ಟಿನ ಹತ್ತಿರ. ಓದೋರು ನಮ್ಮ ಮೇಲಿನ ಮಹಡಿಯವರು, ಕೆಳಗಿನ ಮಹಡಿಯವರು.”

ಅವರು ಚೀಲ ತೆಗೆದುಕೊಂಡು ಹೊರಟುಹೋದರು. ನನ್ನ ಆರು ವಾಕ್ಯಗಳನ್ನು ಮೊದಲ ಬಾರಿಗೆ ಓದುಗನ ಹಾಗೆ ಓದಿದೆ. ತಾರೀಖು, ಪುಟ, ತಲೆಬರಹ, ‘ಅಪ್ರಾಪ್ತ ಬಾಲಕಿಯೊಬ್ಬಳು ನ್ಯಾಯಮೂರ್ತಿಗಳೆದುರು ಹೇಳಿದ ಮಾತುಗಳು’. ಗೊತ್ತಿಲ್ಲದವನನ್ನು ಕೈಹಿಡಿದು ಆ ಲೇಖನದವರೆಗೆ ಕರೆದೊಯ್ಯುವಂತಿತ್ತು. ಆ ತಾಯಿಯ ಮಾತು ಕೇಳುವವರು ಕೋರ್ಟಿನಲ್ಲಿ ಯಾರೂ ಇರುವುದಿಲ್ಲ. ನಿಂದನೆಯ ಪ್ರಕರಣ ನ್ಯಾಯಾಲಯಕ್ಕೂ ಪತ್ರಿಕೆಗೂ ನಡುವಿನದು. ಅವರು ಅದರಲ್ಲಿ ಪಕ್ಷಗಾರರೇ ಅಲ್ಲ.

ಆ ಸಂಜೆ ಚೇಂಬರಿನಲ್ಲಿ, ಜನರಲ್ ಮ್ಯಾನೇಜರ್ ಕೂಡ ಇದ್ದಾಗ, ನಾನು ವಿಷಯ ಎತ್ತಿದೆ. ವಕೀಲರು ಕನ್ನಡಕ ತೆಗೆದರು.

“ಅಚ್ಚು ಹಾಕದ ಕ್ಷಮೆ ಅಂದರೆ ಪತ್ರಿಕೆ ತನ್ನ ಮಾನ ಉಳಿಸಿಕೊಳ್ಳೋಕೆ ನೋಡ್ತಿದೆ ಅಂತ ಪೀಠ ತಿಳಿಯುತ್ತೆ. ಆಮೇಲೆ ಜೈಲು ತಪ್ಪಿಸೋದು ನನ್ನ ಕೈಯಲ್ಲಿಲ್ಲ.”

ಜನರಲ್ ಮ್ಯಾನೇಜರ್ ನನ್ನ ಕಡೆ ತಿರುಗಿದರು. “ಆಕೆಯನ್ನು ಕಳಿಸಿ ಬನ್ನಿ ಅಂದರೆ ಕೂತು ಕತೆ ಕೇಳಿದಿರಾ? ನಿಮಗೆ ಸಂಬಳ ಕೊಡೋದು ನಾವೋ, ಆಕೆಯೋ?”

ಸಂಪಾದಕರು ಆ ದಿನ ಬಂದಿರಲಿಲ್ಲ. ಜ್ವರ ಎಂದು ಹೇಳಿಕಳಿಸಿದ್ದರು. ಈ ವಿಷಯ ಅವರ ಕಿವಿಗೆ ಹಾಕಬೇಡಿ, ಮನುಷ್ಯ ಮೊದಲೇ ಕುಗ್ಗಿದ್ದಾರೆ ಎಂದು ಮ್ಯಾನೇಜರ್ ತಾಕೀತು ಮಾಡಿದರು. ಮಾರನೆಯ ದಿನವೆಲ್ಲ ನಾನು ಕೋರ್ಟಿಗೆ ಸಲ್ಲಿಸುವ ಪ್ರಮಾಣಪತ್ರದ ಪ್ರತಿಗಳನ್ನು ಹೊಂದಿಸುತ್ತ ಕೂತೆ. ಯಾವ ಪ್ಯಾರಾ ಸ್ವಂತ ತಿಳಿವಳಿಕೆಯದು, ಯಾವುದು ಕಡತದಿಂದ ಬಂದದ್ದು, ಯಾವುದು ವಿನಂತಿ ಎಂದು ಬೇರೆ ಬೇರೆ ನಮೂದಿಸಬೇಕು. ಕೈಗೆ ರೂಢಿಯಾದ ಕೆಲಸ. ಕೈ ಅದನ್ನು ಮಾಡುತ್ತಿದ್ದರೆ ಮನಸ್ಸು ಒಂದೇ ಕಡೆ ಸುತ್ತುತ್ತಿತ್ತು. ಕ್ಷಮೆ ಅಚ್ಚಾದರೆ ವಯಸ್ಸಾದ ಒಬ್ಬ ಮನುಷ್ಯ ಉಳಿದುಕೊಳ್ಳುತ್ತಾರೆ. ಆಗದಿದ್ದರೆ ಅವರು ಸೆರೆಮನೆಗೆ ಹೋಗಬಹುದು. ಯಾರಿಗೆ ಏನಾಗಬೇಕೆಂದು ತೀರ್ಮಾನಿಸುವ ಅಧಿಕಾರ ನನಗೆ ಯಾರೂ ಕೊಟ್ಟಿರಲಿಲ್ಲ. ಆದರೆ ಶಿಕ್ಷೆ ಅನುಭವಿಸಬೇಕಾದವರಿಗೇ ವಿಷಯ ಗೊತ್ತಿಲ್ಲದಿರುವುದು ಸರಿಯೆನ್ನಿಸಲಿಲ್ಲ. ಸಂಜೆ ಆರಾಗುವ ಮೊದಲೇ ಕಡತ ಮುಚ್ಚಿ ಬಾಲಿಗಂಜಿಗೆ ಹೋದೆ.

ಸಂಪಾದಕರ ಫ್ಲ್ಯಾಟು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಬಾಗಿಲು ಅವರೇ ತೆರೆದರು. ಮನೆಯಲ್ಲಿ ಬೇರೆ ಯಾರೂ ಇದ್ದಂತೆ ಕಾಣಲಿಲ್ಲ. ತಾಯಿ ಹೇಳಿದ್ದನ್ನು ಒಂದು ಮಾತೂ ಕೂಡಿಸದೆ ಹೇಳಿದೆ. ವಕೀಲರ ಎಚ್ಚರಿಕೆಯನ್ನೂ ಹಾಗೆಯೇ ಹೇಳಿದೆ. ಅವರು ಕೇಳಿ ಮುಗಿಸಿ ಅಡುಗೆಮನೆಗೆ ಹೋದರು. ಟೀ ಮಾಡಿಕೊಂಡು ಬರುವವರೆಗೆ ನಾನು ಒಬ್ಬನೇ ಕೂತಿದ್ದೆ.

“ಅಂದರೆ ನಾನು ಜೈಲಿಗೆ ಹೋಗಬೇಕು ಅಂತೀರಾ?”

“ಹಾಗೆ ಹೇಳೋಕೆ ನಾನು ಯಾರು ಸರ್? ನೀವು ಸಹಿ ಮಾಡೋ ಕಾಗದ ಏನು ಮಾಡುತ್ತೆ ಅನ್ನೋದು ನಿಮಗೆ ಗೊತ್ತಿರಲಿ ಅಂತ ಬಂದೆ.”

“ಮ್ಯಾನೇಜರಿಗೆ ಗೊತ್ತಾ, ನೀವು ಬಂದಿರೋದು?”

“ಇಲ್ಲ.”

ಅವರು ಟೀ ಮುಗಿಸಿದರು. ಬಾಗಿಲ ತನಕ ಬಂದು, “ಹುಷಾರಾಗಿ ಹೋಗಿ, ಮೆಟ್ಟಿಲ ದೀಪ ಕೆಟ್ಟಿದೆ,” ಎಂದಷ್ಟೇ ಹೇಳಿದರು. ಲೋಕಲ್ ರೈಲಿನ ಸದ್ದು ಕೇಳುತ್ತ ನಾನು ಲೇಕ್ ಮಾರ್ಕೆಟ್‌ವರೆಗೂ ನಡೆದೇ ಬಂದೆ. ಅವರು ಏನು ಮಾಡುತ್ತಾರೆಂದು ನನಗೆ ತಿಳಿಯಲಿಲ್ಲ. ಮಾಡಬಾರದ್ದನ್ನು ಮಾಡಿದೆನೋ ಎಂಬ ಅಳುಕು ನಡೆದಷ್ಟೂ ಹೆಚ್ಚಾಯಿತು.

ಮರುದಿನ ಎಸ್ಪ್ಲನೇಡ್‌ನಲ್ಲಿ ಮೆಟ್ರೋ ಇಳಿದು, ಪೂಜೆಯ ಖರೀದಿಗೆ ಬಂದ ಜನರ ನಡುವೆ ನುಗ್ಗಿ ಹೈಕೋರ್ಟಿಗೆ ಹೋದೆ. ನಮ್ಮ ಪ್ರಕರಣ ಕೂಗಿದಾಗ ಸಂಪಾದಕರು ಮುಂದೆ ಹೋಗಿ ನಿಂತರು. ನಾನು ವಕೀಲರ ಹಿಂದಿನ ಸಾಲಿನಲ್ಲಿ. ಸಂಬಳದ ನೌಕರಿಗೆ ಸೇರಿದಂದಿನಿಂದಲೇ ನನ್ನ ವಕೀಲಿಯ ಸನದು ಅಮಾನತಿನಲ್ಲಿತ್ತು, ಕೋಟು ಹಾಕಿ ಮಾತಾಡುವ ಹಕ್ಕು ನನಗಿರಲಿಲ್ಲ.

ವಕೀಲರು ಎದ್ದು, ಷರತ್ತಿಲ್ಲದ ಕ್ಷಮಾಪಣೆ ಸಲ್ಲಿಸುತ್ತಿದ್ದೇವೆ, ನಾಳೆಯ ಮೊದಲ ಪುಟದಲ್ಲೇ ಅದು ಪ್ರಕಟವಾಗಲಿದೆ ಎಂದರು. ಕರಡು ಪೀಠಕ್ಕೆ ಹೋಯಿತು. ಹಿರಿಯ ನ್ಯಾಯಮೂರ್ತಿಗಳು ಓದಿ ಪಕ್ಕದವರಿಗೆ ಕೊಟ್ಟರು. ಒಪ್ಪಿದಂತೆಯೇ ಕಂಡಿತು. ಅಷ್ಟರಲ್ಲಿ ಸಂಪಾದಕರು ಕೈ ಜೋಡಿಸಿದರು.

“ಮೈ ಲಾರ್ಡ್ಸ್, ನಾನೇ ಒಂದು ಮಾತು ಹೇಳಬಹುದಾ?”

ವಕೀಲರು ತಿರುಗಿ ನೋಡಿದರು. ನ್ಯಾಯಮೂರ್ತಿಗಳು ಹೇಳಿ ಎಂದರು.

“ಕ್ಷಮೆ ಕೇಳುತ್ತೇನೆ. ಆದರೆ ಅದನ್ನು ಅಚ್ಚು ಹಾಕಲಾರೆ.”

ಹಿರಿಯ ನ್ಯಾಯಮೂರ್ತಿಗಳ ದನಿ ಗಡುಸಾಯಿತು. “ನಿಮ್ಮ ಪತ್ರಿಕೆಯ ಪ್ರತಿಷ್ಠೆಗೆ ಕುಂದು ಅಂತಲೋ?”

“ಅಲ್ಲ. ಅಂದು ಓದದೆ ಇದ್ದವರು ಇದನ್ನು ನೋಡಿ ಹುಡುಕಿ ಓದುತ್ತಾರೆ. ಆ ಮಗುವಿಗೆ ಎರಡನೇ ಸಲ ಅದೇ ಆಗುತ್ತದೆ. ಬದಲಿಗೆ ತಾವು ಕೊಡುವ ಶಿಕ್ಷೆ ತೆಗೆದುಕೊಳ್ಳುತ್ತೇನೆ.”

“ಏನು ಶಿಕ್ಷೆ ಕೊಡಬಹುದು ಅಂತ ನಿಮಗೆ ತಿಳಿದಿದೆಯೇ?”

“ತಿಳಿಸಿದ್ದಾರೆ.”

ಮಗು ಈಗ ಹೇಗಿದೆ ಎಂದು ನ್ಯಾಯಮೂರ್ತಿಗಳು ಕೇಳಿದರು. ಸಂಪಾದಕರು ಹಿಂತಿರುಗಿ ನನ್ನನ್ನು ನೋಡಿ, ತಾಯಿಯನ್ನು ಕಂಡವರು ಇವರು ಎಂದರು. ಮಾತಾಡಲು ಪೀಠ ಅನುಮತಿ ಕೊಟ್ಟಿತು. ಮುಂದಿನ ಕುರ್ಚಿಯನ್ನು ಹಿಡಿದುಕೊಂಡು ಎದ್ದು ನಿಂತೆ. ಶಾಲೆಯಲ್ಲಿ ನಡೆದದ್ದು, ಜಡ್ಜ್ ಅಂಕಲ್ ಮಾತು ಮುರಿದರೆಂದು ಹುಡುಗಿ ನಂಬಿರುವುದು, ಇಷ್ಟನ್ನು ಹೇಳಿದೆ. ನನ್ನ ಪಕ್ಕದಲ್ಲಿದ್ದ ಜನರಲ್ ಮ್ಯಾನೇಜರ್ ನಾನು ಕೂರುವ ಮೊದಲೇ ಎದ್ದು ಹೊರಗೆ ಹೋದರು.

ಇಬ್ಬರು ನ್ಯಾಯಮೂರ್ತಿಗಳು ತಲೆ ಬಾಗಿಸಿ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಆಮೇಲೆ ಹಿರಿಯರು ಆದೇಶ ಬರೆಸಿದರು. ಪತ್ರಿಕೆಗೆ ಕಾಯ್ದೆಯಲ್ಲಿರುವ ಪೂರ್ತಿ ದಂಡ. ಸಂಪಾದಕರಿಗೆ ಅಂದು ನ್ಯಾಯಾಲಯ ಏಳುವವರೆಗೆ ಸೆರೆ, ಅಂದರೆ ದಿನದ ಕಲಾಪ ಮುಗಿಯುವ ತನಕ ಆ ಕೋಣೆಯಲ್ಲೇ ಕೂತಿರಬೇಕು. ಕ್ಷಮಾಪಣೆಯನ್ನು ಯಾರೂ ಎಲ್ಲೂ ಪ್ರಕಟಿಸಕೂಡದು. ಇಂಟರ್ನೆಟ್ಟಿನ ನಕಲುಗಳನ್ನು ತೆಗೆಸಿ ಪತ್ರಿಕೆ ವರದಿ ಸಲ್ಲಿಸಬೇಕು.

“ಆದರೆ ಕ್ಷಮೆ ಅಂದಮೇಲೆ ಯಾರಿಗಾದರೂ ತಲುಪಬೇಕು,” ಎಂದರು ಅವರು. “ಕೋರ್ಟು ಏಳುವುದರೊಳಗೆ ಆ ಮಗುವಿಗೆ ಬರೆಯಿರಿ. ಅವಳಿಗೆ ಅರ್ಥವಾಗುವ ಹಾಗೆ. ಅವಳ ಪ್ರಕರಣ ಕೇಳುತ್ತಿರುವ ನ್ಯಾಯಮೂರ್ತಿಗಳ ಕೈಯಿಂದಲೇ ಅವಳಿಗೆ ಕೊಡಿಸುತ್ತೇವೆ.”

ವಕೀಲರು ತಮ್ಮ ಮುಂದಿನ ಪ್ರಕರಣಕ್ಕೆ ಹೋದರು. ಆಫೀಸಿನಿಂದ ಯಾರೂ ಬರಲಿಲ್ಲ. ಸಂಪಾದಕರು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತರು, ನಾನು ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತೆ. ನಮ್ಮೆದುರು ಯಾರದೋ ಜಮೀನು, ಯಾರದೋ ಪಿಂಚಣಿ, ಒಂದಾದ ಮೇಲೊಂದು ನಡೆಯುತ್ತಿತ್ತು. ಅವರು ಕಾಗದ ಕೇಳಿದರು, ಕೊಟ್ಟೆ. ಮೊದಲ ಹಾಳೆ ತುಂಬಿತು. ಓದಿ ನನಗೆ ದಾಟಿಸಿದರು. ‘ನಮ್ಮ ಪತ್ರಿಕೆ ತನ್ನ ಹೊಣೆಗಾರಿಕೆಯನ್ನು’ ಎಂದು ಶುರುವಾಗಿತ್ತು. ನಾನು ಓದಿ ಹಿಂತಿರುಗಿಸಿದೆ. ಅವರೇ ಮಡಚಿ ಜೇಬಿಗೆ ಹಾಕಿಕೊಂಡರು.

“ಎಷ್ಟು ವರ್ಷ ಅಂದಿರಿ ಅವಳಿಗೆ?”

“ಒಂಬತ್ತು.”

ಎರಡನೆಯ ಹಾಳೆ, ಮೂರನೆಯ ಹಾಳೆಯೂ ಜೇಬು ಸೇರಿದವು. ಊಟದ ವಿರಾಮದಲ್ಲಿ ಎಲ್ಲರೂ ಹೊರಟರು. ಅವರು ಹೊರಗೆ ಹೋಗುವಂತಿರಲಿಲ್ಲ, ನಾನು ಹೋಗಲಿಲ್ಲ. ಖಾಲಿ ಕೋರ್ಟಿನಲ್ಲಿ ಫ್ಯಾನಿನ ಕೆಳಗೆ ಅವರು ಮಂಡಿಯ ಮೇಲೆ ಕಾಗದವಿಟ್ಟುಕೊಂಡು ಬಂಗಾಳಿಯಲ್ಲಿ ಮತ್ತೆ ಬರೆದರು. ಈ ಸಲ ನಿಧಾನವಾಗಿ ನನಗೆ ಅರ್ಥ ಹೇಳಿದರು: ‘ನೀನು ಹೇಳಿದ್ದನ್ನು ಜಡ್ಜ್ ಅಂಕಲ್ ಯಾರಿಗೂ ಹೇಳಲಿಲ್ಲ. ನಾವು ಅದನ್ನು ಬೇರೆಲ್ಲಿಂದಲೋ ತಿಳಿದುಕೊಂಡು ಪೇಪರಿನಲ್ಲಿ ಹಾಕಿದೆವು. ತಪ್ಪು ನಮ್ಮದು, ನಿನ್ನದಲ್ಲ, ಅವರದೂ ಅಲ್ಲ. ಅದಕ್ಕೆ ನನಗೆ ಶಿಕ್ಷೆ ಆಯಿತು. ನೀನು ಅವರ ಹತ್ತಿರ ಮಾತಾಡಬಹುದು.’

“ಇನ್ನೇನಾದರೂ ಬೇಕಾ?” ಎಂದು ಕೇಳಿದರು.

“ಸಾಕು ಸರ್.”

ಲಕೋಟೆಗೆ ಅಂಟು ಹಾಕಿ ಕೋರ್ಟಿನ ಅಧಿಕಾರಿಗೆ ಒಪ್ಪಿಸಿದೆವು. ಬೆಳಕು ಇಳಿಯುತ್ತಿದ್ದ ಹೊತ್ತಿಗೆ ನ್ಯಾಯಮೂರ್ತಿಗಳು ಎದ್ದರು, ಎಲ್ಲರೂ ಎದ್ದು ನಿಂತೆವು. ಅವರು ಒಳಗೆ ಹೋದ ಮೇಲೂ ಸಂಪಾದಕರು ನಿಂತೇ ಇದ್ದರು. ಮುಗಿಯಿತು ಸರ್, ಹೋಗಬಹುದು ಎಂದೆ.

ಮರುವಾರ ಕಡತಗಳನ್ನೆಲ್ಲ ಬೇರೊಬ್ಬರಿಗೆ ವಹಿಸುವಂತೆ ನನಗೆ ಸೂಚನೆ ಬಂತು. ಅದು ನಿರೀಕ್ಷಿಸಿದ್ದೇ. ಆದರೆ ನನಗೆ ನೆನಪಿರುವುದು ಆದೇಶದ ಮರುದಿನದ ಬೆಳಗು. ಲೇಕ್ ಮಾರ್ಕೆಟ್ ಮೂಲೆಯಲ್ಲಿ ನಮ್ಮದೇ ಪತ್ರಿಕೆ ಕೊಂಡು, ಹೋಟೆಲಿನ ಕಟ್ಟೆಯ ಮೇಲೆ ಕೂತು ಮೊದಲ ಪುಟ ನೋಡಿದೆ. ಹೊಸ ಫ್ಲ್ಯಾಟುಗಳ ದೊಡ್ಡ ಜಾಹೀರಾತಿತ್ತು. ಎರಡನೆಯ ಪುಟ, ಮೂರನೆಯ ಪುಟ, ಕೊನೆಯ ಪುಟದವರೆಗೂ ನೋಡಿದೆ. ಎಲ್ಲಿಯೂ ಏನೂ ಇರಲಿಲ್ಲ. ಕ್ಷಮೆ ಅಚ್ಚಾಗುವುದಿಲ್ಲವೆಂದು ಆ ತಾಯಿಗೆ ಯಾರೂ ತಿಳಿಸಿರಲಿಲ್ಲ, ನಾನು ತಿಳಿಸುವಂತಿರಲಿಲ್ಲ. ಈ ಊರಿನ ಯಾವುದೋ ಮನೆಯಲ್ಲಿ ಅವರೂ ಅದೇ ಹೊತ್ತಿಗೆ, ಮಗಳು ಏಳುವ ಮೊದಲು, ಹೀಗೆಯೇ ಒಂದೊಂದು ಪುಟ ತಿರುಗಿಸುತ್ತ ಕೊನೆಗೆ ಬಂದಿರಬೇಕು.